ನಿಮ್ಮ ಮನೆಗೆ ಇರುವುದು ಯಾವ ವಿಮೆ?

(ಸಾಗರದಲ್ಲಿ ಅಡಿಕೆ ಬೆಳೆಗಾರರು, ಅಂಗಡಿಯವರು, ಶಿಕ್ಷಕರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಯಾರ ಮನೆಗೆಲ್ಲ ವಿಮೆ ಇದೆ, ಒಮ್ಮೆ ಕೈ ಎತ್ತಿ ನೋಡೋಣ. ಸಾಕಷ್ಟು ಜನ ಇದ್ದೀರಿ, ಸಂತೋಷ. ಈಗ ಇನ್ನೊಂದು ಪ್ರಶ್ನೆ. ಬ್ಯಾಂಕಿನಲ್ಲಿ ಸಾಲ ತೆಗೆದುಕೊಳ್ಳುವಾಗ ಅವರೇ ಮಾಡಿಸಿದ ವಿಮೆಯನ್ನು ಬಿಟ್ಟುಬಿಡಿ. ನೀವಾಗಿ ಮನೆಗೆ ಅಂತ ಮಾಡಿಸಿದವರು ಮಾತ್ರ ಕೈ ಮೇಲಿಡಿ. ನೋಡಿ, ಬೆರಳೆಣಿಕೆಯಷ್ಟು ಕೈ ಉಳಿಯಿತು.

ಇವತ್ತಿನ ಮಾತನ್ನು ಇಲ್ಲಿಂದಲೇ ಶುರು ಮಾಡುತ್ತೇನೆ. ಸಾಲದ ಜೊತೆ ಬರುವ ವಿಮೆ ಎರಡು ಥರ ಇರುತ್ತದೆ. ಒಂದು, ಸಾಲ ತೆಗೆದುಕೊಂಡ ವ್ಯಕ್ತಿಯ ಜೀವಕ್ಕೆ ಮಾಡಿಸುವ ವಿಮೆ. ಅವರು ತೀರಿಕೊಂಡರೆ ಉಳಿದ ಸಾಲವನ್ನು ವಿಮಾ ಕಂಪನಿ ಕಟ್ಟುತ್ತದೆ. ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಮಳೆಗೆ ಮನೆ ಬಿದ್ದರೆ ಆ ಪಾಲಿಸಿಯಿಂದ ಒಂದು ರೂಪಾಯಿಯೂ ಬರುವುದಿಲ್ಲ. ಇನ್ನೊಂದು, ಕಟ್ಟಡಕ್ಕೇ ಮಾಡಿಸುವ ವಿಮೆ. ಇದು ನಿಜಕ್ಕೂ ಮನೆ ವಿಮೆ. ಆದರೆ ಎಷ್ಟೋ ಸಲ ಇದನ್ನು ಸಾಲದ ಮೊತ್ತಕ್ಕಷ್ಟೇ ಮಾಡಿಸಿರುತ್ತಾರೆ. ಕ್ಲೇಮ್ ಹಣದ ಮೇಲೆ, ಅಂದರೆ ಹಾನಿಗೆ ಕಂಪನಿ ಕೊಡುವ ಪರಿಹಾರದ ಮೇಲೆ, ಮೊದಲ ಹಕ್ಕು ಬ್ಯಾಂಕಿನದ್ದಾಗಿರುತ್ತದೆ. ಒಳಗಿನ ಸಾಮಾನು ಅದರಲ್ಲಿ ಸೇರಿರುವುದೇ ಕಡಿಮೆ. ಸಾಲ ತೀರಿದ ಮೇಲೆ ಆ ಪಾಲಿಸಿಯನ್ನು ಯಾರೂ ನವೀಕರಿಸುವುದಿಲ್ಲ. 'ನಮ್ಮ ಮನೆಗೆ ಇನ್ಶೂರೆನ್ಸ್ ಇದೆ' ಅಂತ ಹತ್ತು ವರ್ಷ ನಿಶ್ಚಿಂತೆಯಿಂದ ಇದ್ದು, ಗೋಡೆ ಬಿದ್ದ ದಿನ ಫೈಲ್ ತೆಗೆದು ನೋಡಿ, ಅದು ಯಜಮಾನರ ಜೀವವಿಮೆ ಅಂತ ಗೊತ್ತಾದ ಮನೆಗಳನ್ನು ನಾನು ಕಂಡಿದ್ದೇನೆ. ಆ ಹೊತ್ತಿನಲ್ಲಿ ಅವರಿಗೆ ಹೇಳಲು ನಮ್ಮ ಹತ್ತಿರ ಏನೂ ಇರುತ್ತಿರಲಿಲ್ಲ.

ನಾನು ಸಾಮಾನ್ಯ ವಿಮಾ ಕಂಪನಿಯೊಂದರಲ್ಲಿ ಬೆಂಕಿ ಮತ್ತು ನೆರೆಯ ಕ್ಲೇಮುಗಳನ್ನು ನೋಡಿಕೊಳ್ಳುತ್ತಿದ್ದವನು. ಮೇಜಿನ ಆ ಕಡೆ ಕೂತು ಕಲಿತದ್ದನ್ನು ಈ ಕಡೆಯವರಿಗೆ ಹೇಳಬೇಕು ಅನ್ನುವುದೇ ನನ್ನ ಉದ್ದೇಶ. ಯಾವ ಪಾಲಿಸಿಯೇ ಇರಲಿ, ಮೂರು ವಿಷಯ ಹುಡುಕಿ. ಯಾವ ವಸ್ತುವಿಗೆ ವಿಮೆ? ಯಾವ ಕಾರಣದಿಂದ ಹಾಳಾದರೆ ವಿಮೆ? ಎಷ್ಟು ಮೊತ್ತಕ್ಕೆ ವಿಮೆ? ಜನ ಮೊತ್ತವನ್ನು ಮಾತ್ರ ನೋಡುತ್ತಾರೆ. ಆದರೆ ಹೆಚ್ಚಿನ ಜಗಳ ಬರುವುದು ಕಾರಣದಲ್ಲಿ.

ಮೊದಲು ಈಗ ಸಿಗುವ ಮುಖ್ಯ ಪಾಲಿಸಿಯನ್ನು ನೋಡೋಣ. ಮೊದಲೆಲ್ಲ ಮನೆಗೂ ಅಂಗಡಿಗೂ ಕಾರ್ಖಾನೆಗೂ ಹೆಚ್ಚುಕಮ್ಮಿ ಒಂದೇ ಬೆಂಕಿ ಪಾಲಿಸಿ ಇತ್ತು. ಅದರ ಭಾಷೆ ಕಾರ್ಖಾನೆಗೆ ಬರೆದದ್ದು. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2021ರ ಏಪ್ರಿಲ್ 1ರಿಂದ ಇದನ್ನು ಬದಲಾಯಿಸಿತು. ಮನೆಗೆ 'ಭಾರತ್ ಗೃಹ ರಕ್ಷಾ' ಬಂತು. ಒಂದು ಜಾಗದಲ್ಲಿ 5 ಕೋಟಿವರೆಗೆ ಆಸ್ತಿ ಇರುವ ಅಂಗಡಿ, ಗೋದಾಮು, ಸಣ್ಣ ಘಟಕಗಳಿಗೆ 'ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ' ಬಂತು. 5ರಿಂದ 50 ಕೋಟಿವರೆಗಿನವರಿಗೆ 'ಭಾರತ್ ಲಘು ಉದ್ಯಮ್ ಸುರಕ್ಷಾ'. ಅದಕ್ಕಿಂತ ದೊಡ್ಡವರಿಗೆ ಬೇರೆ ಪಾಲಿಸಿ ಇದೆ, ಈ ಸಭೆಗೆ ಅದು ಬೇಕಾಗದು. ಬೆಂಕಿ ವಿಮೆ ಮಾರುವ ಪ್ರತಿಯೊಂದು ಕಂಪನಿಯೂ ಈ ಪಾಲಿಸಿಗಳನ್ನು ಕೊಡಲೇಬೇಕು. ಮೂಲ ಷರತ್ತುಗಳು ಎಲ್ಲರಲ್ಲೂ ಒಂದೇ. ಪ್ರೀಮಿಯಂ ಬೇರೆ ಇರಬಹುದು, ಮೇಲಿಂದ ಸೇರಿಸುವ ಸೌಲಭ್ಯಗಳು ಬೇರೆ ಇರಬಹುದು. ಹಾಗಾಗಿ ಏಜೆಂಟ್ ಹತ್ತಿರ ಹೋದಾಗ 'ಮನೆ ವಿಮೆ ಕೊಡಿ' ಅನ್ನಬೇಡಿ. 'ಭಾರತ್ ಗೃಹ ರಕ್ಷಾ ಕೊಡಿ' ಅಂತ ಹೆಸರು ಹೇಳಿ ಕೇಳಿ.

ಗೃಹ ರಕ್ಷಾದಲ್ಲಿ ಏನೆಲ್ಲ ಬರುತ್ತದೆ? ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ನೀರು ನುಗ್ಗುವುದು, ಭೂಕುಸಿತ, ಕಾಡ್ಗಿಚ್ಚು, ಗಲಭೆಯ ಹಾನಿ, ಹೊರಗಿನ ವಸ್ತು ಬಂದು ಗುದ್ದುವುದು (ಲಾರಿ ಕಾಂಪೌಂಡ್ ಒಡೆದು ಗೋಡೆಗೆ ಬಡಿಯುವುದೂ ಇದರಲ್ಲಿ ಬರುತ್ತದೆ), ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆಯುವುದು. ಸಿಲಿಂಡರ್ ಸಿಡಿದರೆ ಅದು ಸ್ಫೋಟ. ನೆರೆಗೆ ಮತ್ತು ಭೂಕಂಪಕ್ಕೆ ಬೇರೆ ದುಡ್ಡು ಕೊಟ್ಟು ಸೇರಿಸಬೇಕಾದ ತಾಪತ್ರಯ ಇಲ್ಲಿ ಇಲ್ಲ. ಮನೆ ವಾಸಕ್ಕೆ ಆಗದಂತೆ ಹಾಳಾದರೆ, ರಿಪೇರಿ ಆಗುವವರೆಗೆ ಬೇರೆ ಕಡೆ ಇರಲು ಬಾಡಿಗೆ ಕೊಡುವ ವ್ಯವಸ್ಥೆಯೂ ಒಳಗೇ ಇದೆ. ಬಿದ್ದ ಮಣ್ಣು, ಕಲ್ಲು ಸಾಗಿಸುವ ಖರ್ಚಿಗೆ ಕ್ಲೇಮಿನ ಶೇಕಡಾ 2ರವರೆಗೆ, ಎಂಜಿನಿಯರ್ ಮತ್ತು ವಾಸ್ತುಶಿಲ್ಪಿಯ ಫೀಸಿಗೆ ಶೇಕಡಾ 5ರವರೆಗೆ ಕೊಡುತ್ತಾರೆ. ಇದನ್ನು ಕೇಳಿ ಪಡೆಯುವವರು ತುಂಬ ಕಡಿಮೆ. ಕೇಳಿ, ಅದು ನಿಮ್ಮ ಹಕ್ಕು.

ಕಳ್ಳತನ ಇದರಲ್ಲಿ ಇಲ್ಲವಾ ಅಂತ ಕೇಳುತ್ತೀರಿ. ಇದೆ, ಆದರೆ ತುಂಬ ಸಣ್ಣ ಕಿಂಡಿಯಷ್ಟು. ಬೆಂಕಿ, ನೆರೆಯಂಥ ಒಂದು ಅನಾಹುತ ಆಗಿ, ಅದರ 7 ದಿನದೊಳಗೆ ಆ ಸಂದರ್ಭ ನೋಡಿ ಯಾರಾದರೂ ಕದ್ದರೆ ಮಾತ್ರ ಸಿಗುತ್ತದೆ. ನೀವು ಮದುವೆಗೆ ಹೋದಾಗ ಬೀಗ ಒಡೆದು ಕದ್ದರೆ ಇದರಿಂದ ಬರುವುದಿಲ್ಲ. ಅದಕ್ಕೆ ಬೇರೆ ಬರ್ಗ್ಲರಿ ಪಾಲಿಸಿ ಬೇಕು. ಅದರಲ್ಲೂ ಬಲವಂತವಾಗಿ ಒಳನುಗ್ಗಿದ ಗುರುತು ಇರಬೇಕು ಅನ್ನುತ್ತಾರೆ. ಕೆಲಸಕ್ಕೆ ಬಂದವರು ಸುಮ್ನೆ ಎತ್ತಿಕೊಂಡು ಹೋದರೆ ಕಷ್ಟ. ಬೆಂಕಿ, ಕಳ್ಳತನ, ಫ್ರಿಜ್ಜು ಟಿವಿ ಕೆಡುವುದು, ನಿಮ್ಮ ಕಾಂಪೌಂಡ್ ಬಿದ್ದು ಪಕ್ಕದವರ ಕಾರು ಜಜ್ಜಿಹೋದರೆ ಕೊಡಬೇಕಾದ ಪರಿಹಾರ, ಇವನ್ನೆಲ್ಲ ಒಟ್ಟು ಸೇರಿಸಿದ 'ಹೌಸ್‌ಹೋಲ್ಡರ್ಸ್' ಪ್ಯಾಕೇಜ್ ಪಾಲಿಸಿಗಳೂ ಸಿಗುತ್ತವೆ. ಅದರಲ್ಲಿ ಯಾವ ಯಾವ ಭಾಗ ತೆಗೆದುಕೊಂಡಿದ್ದೀರಿ ಅಂತ ಪಾಲಿಸಿಯ ಮೊದಲ ಹಾಳೆಯಲ್ಲೇ ಬರೆದಿರುತ್ತದೆ. ಆ ಒಂದು ಹಾಳೆ ಓದಿದರೂ ಅರ್ಧ ಕೆಲಸ ಆಯಿತು.

ಈಗ ನಮ್ಮ ಮಲೆನಾಡಿಗೆ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಜಾರಿದ್ದು ನಿಮಗೆ ನೆನಪಿದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೇ ಗುಡ್ಡ ಬಂತು. ನಮ್ಮಲ್ಲೂ ಪ್ರತಿ ಮಳೆಗಾಲ ಎಲ್ಲಾದರೂ ಒಂದು ಕಡೆ ಧರೆ ಕುಸಿಯುತ್ತದೆ. ಭೂಕುಸಿತ ಪಾಲಿಸಿಯಲ್ಲಿ ಇದೆ ಅಂತ ಆಗಲೇ ಹೇಳಿದೆ. ಆದರೆ ಆ ಸಾಲಿನ ಕೆಳಗೇ ಕೆಲವು ಹೊರಗಿಡುವ ಷರತ್ತುಗಳಿವೆ. ಹೊಸ ಕಟ್ಟಡ ಮಾಮೂಲಿಯಾಗಿ ಸ್ವಲ್ಪ ಕೂತು ಬಿರುಕು ಬಿಟ್ಟರೆ ಇಲ್ಲ. ಮಣ್ಣು ತುಂಬಿಸಿ ಮಾಡಿದ ಜಾಗ ಕೂತರೆ ಅಥವಾ ಜಾರಿದರೆ ಇಲ್ಲ. ನದಿ ಅಥವಾ ಸಮುದ್ರದ ಕೊರೆತಕ್ಕೆ ಇಲ್ಲ. ವಿನ್ಯಾಸ, ಕೆಲಸ ಅಥವಾ ಸಾಮಗ್ರಿ ಕಳಪೆಯಾಗಿದ್ದರೆ ಇಲ್ಲ. ಕಟ್ಟಡ ಒಡೆಯುವುದು, ಬದಲಾಯಿಸುವುದು, ನೆಲ ಅಗೆಯುವುದು ಇದರಿಂದ ಆದ ಹಾನಿಗೆ ಇಲ್ಲ.

ಒಮ್ಮೆ ಯೋಚಿಸಿ. ನಮ್ಮ ಕಡೆ ಈಗ ಮನೆ ಹೇಗೆ ಕಟ್ಟುತ್ತೇವೆ? ಇಳಿಜಾರು ಜಾಗ. ಜೆಸಿಬಿ ತರಿಸುತ್ತೇವೆ. ಮೇಲಿನ ಧರೆ ಕಡಿದು, ಆ ಮಣ್ಣನ್ನೇ ಕೆಳಗೆ ತಳ್ಳಿ, ಸಮತಟ್ಟು ಮಾಡುತ್ತೇವೆ. ಮನೆಯ ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿಸಿದ ಮಣ್ಣಿನ ಮೇಲೆ. ನಾಲ್ಕು ಮಳೆಗಾಲ ಕಳೆಯುತ್ತದೆ, ಮುಂದಿನ ಜಗಲಿ ವಾಲುತ್ತದೆ. ಮನೆಯವರು 'ಗುಡ್ಡ ಕುಸಿತ' ಅಂತ ಕ್ಲೇಮ್ ಹಾಕುತ್ತಾರೆ. ಹಾನಿ ಎಷ್ಟು, ಯಾಕೆ ಅಂತ ನೋಡುವ ಸರ್ವೇಯರ್ ಬಂದು ಅಡಿಪಾಯದ ಹತ್ತಿರ ಮಣ್ಣು ನೋಡಿ 'ತುಂಬಿಸಿದ ಜಾಗ ಕೂತಿದೆ' ಅಂತ ಬರೆಯುತ್ತಾರೆ. ಎರಡೂ ಕಡೆಯವರು ಹೇಳುವುದು ಅವರವರಿಗೆ ಸರಿಯೇ. ಹಣ ಮಾತ್ರ ಬರುವುದಿಲ್ಲ. ಹಿಂದಿನ ಧರೆಯೇ ಜಾರಿ ಅಡುಗೆಮನೆ ಮೇಲೆ ಬಂದರೆ ಅದು ಭೂಕುಸಿತ, ಅದಕ್ಕೆ ಸಿಗುತ್ತದೆ. ಒಂದೇ ಮನೆಯ ಹಿಂದಿನ ಬಾಗಿಲಿಗೂ ಮುಂದಿನ ಜಗಲಿಗೂ ಉತ್ತರ ಬೇರೆ.

ಹಾಗಾದರೆ ಏನು ಮಾಡಬೇಕು? ಮನೆ ಕಟ್ಟುವಾಗಿನ ಫೋಟೊ ಇಟ್ಟುಕೊಳ್ಳಿ. ಅಡಿಪಾಯ ಎಲ್ಲಿಯವರೆಗೆ ಇಳಿದಿದೆ, ಗಟ್ಟಿ ನೆಲ ಎಲ್ಲಿ ಸಿಕ್ಕಿತು ಅಂತ ಕಾಣುವ ಹಾಗೆ ತೆಗೆಯಿರಿ. ಎಂಜಿನಿಯರ್ ಕೊಟ್ಟ ನಕ್ಷೆ ಎಸೆಯಬೇಡಿ. ತುಂಬಿಸಿದ ಮಣ್ಣಿನ ಕೆಳಗೆ ಕಂಬ ಇಳಿಸಿ ಗಟ್ಟಿ ನೆಲಕ್ಕೆ ಕೂರಿಸಿದ್ದರೆ, ಅದನ್ನು ತೋರಿಸುವ ಒಂದು ಫೋಟೊ ಮುಂದೆ ಲಕ್ಷಾಂತರ ರೂಪಾಯಿ ಬೆಲೆ ಬಾಳಬಹುದು. ಮನೆ ಇನ್ನೂ ಕಟ್ಟುತ್ತಿದ್ದರೆ ಆ ಹಂತಕ್ಕೇ 'ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್' ಅನ್ನುವ ಬೇರೆ ಪಾಲಿಸಿ ಇದೆ. ಕಟ್ಟಡದ ಕೆಲಸ, ತಂದಿಟ್ಟ ಸಾಮಗ್ರಿ ಅದರಲ್ಲಿ ಬರುತ್ತದೆ.

ಬೆಂಗಳೂರಿನಲ್ಲಿ ಮಕ್ಕಳಿಗೆ ಸೈಟೋ ಫ್ಲ್ಯಾಟೋ ಕೊಡಿಸಿದವರು ಇಲ್ಲಿ ಬಹಳ ಇದ್ದೀರಿ. ಅಲ್ಲೂ ಇದೇ ಕಥೆ ಬೇರೆ ರೂಪದಲ್ಲಿ ಇದೆ. ಪಕ್ಕದ ಸೈಟಿನಲ್ಲಿ ಬೇಸ್‌ಮೆಂಟಿಗೆ ಅಂತ ಇಪ್ಪತ್ತು ಅಡಿ ಅಗೆಯುತ್ತಾರೆ, ನಿಮ್ಮ ಗೋಡೆ ಬಿರುಕು ಬಿಡುತ್ತದೆ. ನೆಲ ಅಗೆದದ್ದರಿಂದ ಆದ ಹಾನಿ ಅಂತ ನಿಮ್ಮ ಪಾಲಿಸಿ ಇದನ್ನು ಹೊರಗಿಡುತ್ತದೆ. ಅಗೆದವರ ಮೇಲೆ ನೀವು ಪರಿಹಾರ ಕೇಳಬೇಕು. ಅಗೆಯುವ ಮೊದಲೇ ನಿಮ್ಮ ಗೋಡೆಗಳ ಫೋಟೊ ದಿನಾಂಕದ ಸಮೇತ ತೆಗೆದಿಟ್ಟರೆ ಕೆಲಸಕ್ಕೆ ಬರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ಟ್ರ್ಯಾಕ್ಟರಿನಲ್ಲಿ ಜನ ಓಡಾಡಿದರಲ್ಲ, ಅದು ನೆರೆ. ಮನೆ ವಿಮೆ ಇದ್ದವರಿಗೆ ಕಟ್ಟಡದ ಹಾನಿ, ಸಾಮಾನಿನ ಹಾನಿ ಎರಡಕ್ಕೂ ದಾರಿ ಇತ್ತು. ಕಾರಿಗೆ ಮಾತ್ರ ಕಾರಿನ ವಿಮೆಯೇ ಆಗಬೇಕು.

ನೀರಿನ ಬಗ್ಗೆ ಇನ್ನೊಂದು ಮಾತು. ಪೈಪ್ ಒಡೆದು ನೀರು ಸುರಿದು ಮರದ ಕಪಾಟು ಹಾಳಾದರೆ ಸಿಗುತ್ತದೆ. ಮೂರು ತಿಂಗಳ ಜಡಿಮಳೆಗೆ ಗೋಡೆ ನೆಂದು, ಪಾಚಿ ಹಿಡಿದು, ಸುಣ್ಣ ಉದುರಿದರೆ ಸಿಗುವುದಿಲ್ಲ. ನಿಧಾನವಾಗಿ ಆಗುವುದು ಯಾವುದೂ ವಿಮೆಗೆ ಸೇರುವುದಿಲ್ಲ. ಗೆದ್ದಲು, ತುಕ್ಕು, ಒಸರು ನೀರು ಎಲ್ಲವೂ ಮನೆಯವರ ಜವಾಬ್ದಾರಿ. ಹಂಚು ಸರಿಯಾಗಿ ಹೊದೆಸದೆ ಸೋರಿದರೂ ಅಷ್ಟೇ.

ಕರೆಂಟಿನ ವಿಷಯದಲ್ಲೂ ಜನರಿಗೆ ತುಂಬ ಗೊಂದಲ. ಏಪ್ರಿಲ್, ಮೇ ತಿಂಗಳಲ್ಲಿ ಸಿಡಿಲು ಮನೆಗೇ ಹೊಡೆದು ಗೋಡೆ, ಮಾಡು ಹಾಳಾದರೆ ಅದು ಸಿಡಿಲಿನ ಹಾನಿ, ಪಾಲಿಸಿಯಲ್ಲಿ ಇದೆ. ಸಿಡಿಲಿನಿಂದಲೋ, ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರಿನಲ್ಲಿ) ತೊಂದರೆ ಆಗಿಯೋ ವೋಲ್ಟೇಜ್ ಏರಿ ಟಿವಿ ಸುಟ್ಟರೆ ಇಲ್ಲ. ಶಾರ್ಟ್ ಸರ್ಕ್ಯೂಟ್ ಆಗಿ ಮಿಕ್ಸಿ ಸುಟ್ಟು, ಅಲ್ಲಿಂದ ಬೆಂಕಿ ಹಬ್ಬಿ ಅಡುಗೆಮನೆ ಹೋದರೆ, ಅಡುಗೆಮನೆಗೆ ಸಿಗುತ್ತದೆ, ಆ ಮಿಕ್ಸಿಗೆ ಸಿಗುವುದಿಲ್ಲ. ಮಿಕ್ಸಿಗೂ ಬೇಕು ಅಂದರೆ ಉಪಕರಣ ಕೆಡುವುದಕ್ಕೆ ಇರುವ ಬೇರೆ ಭಾಗ ತೆಗೆದುಕೊಳ್ಳಬೇಕು.

ಇನ್ನು ಮೊತ್ತ. ಮನೆ ಬೆಲೆ ಎಷ್ಟು ಅಂದರೆ ಎಲ್ಲರೂ ಮಾರುಕಟ್ಟೆ ಬೆಲೆ ಹೇಳುತ್ತಾರೆ. ವಿಮೆಗೆ ಅದು ಬೇಡ. ಜಾಗಕ್ಕೆ ಬೆಂಕಿ ಬೀಳುವುದಿಲ್ಲ, ಹಾಗಾಗಿ ಜಾಗದ ಬೆಲೆ ಲೆಕ್ಕಕ್ಕೆ ಬರುವುದಿಲ್ಲ. ಪಾಲಿಸಿ ಶುರುವಾಗುವ ದಿನ ಅದೇ ಮನೆಯನ್ನು ಮತ್ತೆ ಕಟ್ಟಲು ಎಷ್ಟು ಬೇಕು ಅನ್ನುವುದೇ ವಿಮಾ ಮೊತ್ತ. ಒಳ ಅಳತೆ, ಅಂದರೆ ಕಾರ್ಪೆಟ್ ಏರಿಯಾವನ್ನು ಕಟ್ಟುವ ದರದಿಂದ ಗುಣಿಸಿ, ಕಾಂಪೌಂಡು, ಕೊಟ್ಟಿಗೆ, ಗ್ಯಾರೇಜ್, ಬಾವಿ ಕಟ್ಟೆಯಂಥವನ್ನು ಅದಕ್ಕೆ ಸೇರಿಸುತ್ತಾರೆ. ಲೆಕ್ಕಕ್ಕೆ ಹೇಳುವುದಾದರೆ, ಬೆಂಗಳೂರಿನಲ್ಲಿ 90 ಲಕ್ಷ ಕೊಟ್ಟು ತೆಗೆದುಕೊಂಡ 1,000 ಚದರಡಿ ಫ್ಲ್ಯಾಟ್ ಇದೆ ಅಂದುಕೊಳ್ಳಿ. ಚದರಡಿಗೆ 2,500 ರೂಪಾಯಿ ಹಿಡಿದರೆ ಮತ್ತೆ ಕಟ್ಟುವ ಖರ್ಚು 25 ಲಕ್ಷ. 90 ಲಕ್ಷಕ್ಕೆ ವಿಮೆ ಮಾಡಿಸಿದರೆ ಪ್ರೀಮಿಯಂ ಜಾಸ್ತಿ ಹೋಗುತ್ತದೆ, ಕ್ಲೇಮ್ ಬರುವುದು ನಿಜವಾದ ನಷ್ಟಕ್ಕೆ ಮಾತ್ರ. ನಮ್ಮ ಹಳ್ಳಿ ಮನೆಗಳಲ್ಲಿ ಇದರ ಉಲ್ಟಾ ಆಗುತ್ತದೆ. ಅಜ್ಜನ ಕಾಲದ ತೊಟ್ಟಿ ಮನೆ, ಹಲಸಿನ ಮರದ ಕಂಬ, ಬೀಟೆಯ ಬಾಗಿಲು. ಪಂಚಾಯಿತಿ ಲೆಕ್ಕದಲ್ಲಿ ಅದಕ್ಕೆ ಏನೂ ಬೆಲೆ ಇಲ್ಲ. ಅದನ್ನೇ ಇವತ್ತು ಕಟ್ಟಲು ಹೊರಟರೆ ಆಚಾರಿಗಳ ಕೂಲಿ ಒಂದೇ ಎಷ್ಟಾಗುತ್ತದೆ ಅಂತ ನಿಮಗೇ ಗೊತ್ತು. ಇಂಥ ಮನೆಗೆ ಕಡಿಮೆ ಮೊತ್ತ ಹಾಕಿ ಕೂರಬೇಡಿ. ಹಾಗೆಯೇ ಮಣ್ಣಿನ ಗೋಡೆಯೋ, ಸೋಗೆ ಮಾಡೋ ಇದ್ದರೆ ಅದನ್ನು ಪ್ರಪೋಸಲ್ ಫಾರ್ಮಿನಲ್ಲಿ, ಅಂದರೆ ವಿಮೆಯ ಅರ್ಜಿಯಲ್ಲಿ, ಇದ್ದಂತೆ ಬರೆಯಿರಿ. ಏಜೆಂಟ್ ಆರ್‌ಸಿಸಿ ಅಂತ ಟಿಕ್ ಹಾಕಿ ಕಳಿಸಿದರೆ ಕ್ಲೇಮಿನ ದಿನ ಸಿಕ್ಕಿಬೀಳುವುದು ನೀವು.

ಗೃಹ ರಕ್ಷಾದಲ್ಲಿ ಮನೆಯವರಿಗೆ ತುಂಬ ಅನುಕೂಲವಾದ ಒಂದು ಸಂಗತಿ ಇದೆ. ಹಳೇ ಪಾಲಿಸಿಯಲ್ಲಿ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ ಸಣ್ಣ ನಷ್ಟಕ್ಕೂ ಅದೇ ಅನುಪಾತದಲ್ಲಿ ಕಡಿತ ಮಾಡುತ್ತಿದ್ದರು. ಗೃಹ ರಕ್ಷಾದಲ್ಲಿ ಆ ಕಡಿತವನ್ನು ಪೂರ್ತಿ ತೆಗೆದಿದ್ದಾರೆ. 25 ಲಕ್ಷದ ಮನೆಗೆ 10 ಲಕ್ಷಕ್ಕೆ ವಿಮೆ ಇದ್ದು, 4 ಲಕ್ಷ ನಷ್ಟ ಆದರೆ 4 ಲಕ್ಷ ಬರುತ್ತದೆ. ಆದರೆ ಮನೆ ಪೂರ್ತಿ ಬಿದ್ದರೆ 10 ಲಕ್ಷಕ್ಕೇ ನಿಲ್ಲುತ್ತದೆ. ಹಲವು ವರ್ಷಕ್ಕೆ ಒಟ್ಟಿಗೆ ತೆಗೆದುಕೊಂಡರೆ (10 ವರ್ಷದವರೆಗೂ ತೆಗೆದುಕೊಳ್ಳಬಹುದು) ವಿಮಾ ಮೊತ್ತ ವರ್ಷಕ್ಕೆ ಶೇಕಡಾ 10ರಂತೆ ತಾನಾಗಿ ಏರುತ್ತದೆ. ಅದಕ್ಕೆ ಮೇಲಿಂದ ಪ್ರೀಮಿಯಂ ಇಲ್ಲ.

ಕಟ್ಟಡ ಮತ್ತು ಸಾಮಾನು ಎರಡಕ್ಕೂ ತೆಗೆದುಕೊಂಡರೆ, ಸಾಮಾನಿನ ಪಟ್ಟಿ ಕೊಡದಿದ್ದರೂ ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಜಾಸ್ತಿ ಅಂದರೆ 10 ಲಕ್ಷದವರೆಗೆ, ಸಾಮಾನಿಗೆ ರಕ್ಷಣೆ ಇರುತ್ತದೆ. 30 ಲಕ್ಷದ ಮನೆಗೆ 6 ಲಕ್ಷ. ಸಾಲದು ಅನ್ನಿಸಿದರೆ ಪಟ್ಟಿ ಕೊಟ್ಟು ಏರಿಸಿಕೊಳ್ಳಿ. ಚಿನ್ನ, ಬೆಳ್ಳಿ ಪಾತ್ರೆ, ಹಳೇ ಕಲಾಕೃತಿ ಈ ಸಾಮಾನಿನಲ್ಲಿ ಸೇರುವುದಿಲ್ಲ. ಅದಕ್ಕೆ ಬೆಲೆಬಾಳುವ ವಸ್ತುಗಳ ಭಾಗ ಬೇರೆ ಇದೆ. ಒಟ್ಟು 5 ಲಕ್ಷದವರೆಗೆ, ಒಂದು ವಸ್ತು 1 ಲಕ್ಷ ಮೀರದಿದ್ದರೆ, ಬೆಲೆ ಕಟ್ಟಿಸಿದ ಸರ್ಟಿಫಿಕೇಟ್ ಕೇಳುವುದಿಲ್ಲ.

ಅಂಗಡಿಯವರು ಈಗ ಕಿವಿಗೊಡಿ, ನಿಮಗೆ ನಿಯಮ ಬೇರೆ. ಸೂಕ್ಷ್ಮ ಉದ್ಯಮ್ ಸುರಕ್ಷಾದಲ್ಲಿ ಕಡಿಮೆ ವಿಮೆಯ ಕಡಿತ ಇನ್ನೂ ಇದೆ. ಶೇಕಡಾ 15ರವರೆಗಿನ ಕೊರತೆಯನ್ನು ಮಾತ್ರ ಬಿಟ್ಟುಕೊಡುತ್ತಾರೆ. ಅಂಗಡಿಯಲ್ಲಿ 20 ಲಕ್ಷದ ಬಟ್ಟೆ ಇದೆ, ಪ್ರೀಮಿಯಂ ಉಳಿಸಲು 10 ಲಕ್ಷ ಅಂತ ಬರೆಸಿದ್ದೀರಿ, ಬೆಂಕಿಯಲ್ಲಿ 4 ಲಕ್ಷದ ಮಾಲು ಹೋಯಿತು. ಬರುವುದು 2 ಲಕ್ಷ. ಅರ್ಧಕ್ಕೆ ಮಾಡಿಸಿದ್ದೀರಿ, ಅರ್ಧ ಕೊಡುತ್ತಾರೆ. ದೀಪಾವಳಿಗೆ ಮಾಲು ಎರಡು ಪಟ್ಟು ತುಂಬಿಸಿದಾಗ ಮೊತ್ತ ಏರಿಸಲು ಮರೆಯುವುದು ತುಂಬ ಸಾಮಾನ್ಯ. ಜಿಎಸ್‌ಟಿ ರಿಟರ್ನ್, ಸ್ಟಾಕ್ ಪುಸ್ತಕ, ಬ್ಯಾಂಕಿಗೆ ಕೊಟ್ಟ ಸ್ಟೇಟ್‌ಮೆಂಟ್ ಈ ಮೂರೂ ಒಂದಕ್ಕೊಂದು ಹೊಂದಬೇಕು. ಸರ್ವೇಯರ್ ಮೊದಲು ಕೇಳುವುದೇ ಅವನ್ನು.

ಅಡಿಕೆ ಬೆಳೆಗಾರರಿಗೆ ಇದರಲ್ಲೇ ಒಂದು ಮುಖ್ಯ ಸಂಗತಿ ಇದೆ. ಅಟ್ಟದ ಮೇಲೆ ಮೂಟೆ ಕಟ್ಟಿಟ್ಟ ಕೆಂಪಡಿಕೆ, ಚಾಲಿ, ಕಾಳುಮೆಣಸು ನಿಮ್ಮ ಮನೆಯಲ್ಲೇ ಇದ್ದರೂ ಅದು ಮನೆ ಸಾಮಾನು ಅಲ್ಲ. ಅದು ಮಾರಾಟದ ಸರಕು. ಗೃಹ ರಕ್ಷಾದಲ್ಲಿ ಅದಕ್ಕೆ ಹಣ ಬರುತ್ತದೆ ಅಂತ ನಂಬಿ ಕೂರಬೇಡಿ. ಸರಕಿಗೆ ಬೇರೆಯಾಗಿ ಸೂಕ್ಷ್ಮ ಉದ್ಯಮ್ ಪಾಲಿಸಿ ಮಾಡಿಸಬೇಕು. ತೋಟದಲ್ಲಿ ನಿಂತ ಬೆಳೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ, ಅದು ಕೊಯ್ದು ಒಣಗಿಸಿದ ಅಡಿಕೆಗೆ ಬರುವುದಿಲ್ಲ. ಕೊಟ್ಟಿಗೆ ಕಟ್ಟಡವನ್ನು ಮನೆ ಪಾಲಿಸಿಯಲ್ಲಿ ಸೇರಿಸಬಹುದು, ಒಳಗಿನ ಹಸುವಿಗೆ ಜಾನುವಾರು ವಿಮೆ ಬೇರೆ. ಒಂದೇ ಅಂಗಳದಲ್ಲಿ ನಾಲ್ಕು ಥರದ ವಿಮೆ. ಇದು ಕಿರಿಕಿರಿ ಅನ್ನಿಸುತ್ತದೆ, ಗೊತ್ತು. ಎಲ್ಲವನ್ನೂ ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ಏನು ಹೋದರೆ ನಿಮಗೆ ಮತ್ತೆ ಏಳಲು ಆಗುವುದಿಲ್ಲವೋ ಅದಕ್ಕೆ ಮೊದಲು ಮಾಡಿಸಿ. ಬಹಳ ಮನೆಗಳಲ್ಲಿ ಅದು ಕಟ್ಟಡ. ಕೆಲವರಿಗೆ ಅಟ್ಟದ ಮೇಲಿನ ಅಡಿಕೆ.

ಸರ್ಕಾರ ಪರಿಹಾರ ಕೊಡುತ್ತದಲ್ಲ ಅನ್ನುವವರೂ ಇದ್ದಾರೆ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ಘೋಷಿಸಿತು. ಘಟಪ್ರಭಾ, ಮಲಪ್ರಭಾ ತೀರದ ಜನರಿಗೆ ಅದು ಆಸರೆ ಆಯಿತು, ನಿಜ. ಆದರೆ ಅದು ಎಲ್ಲ ವರ್ಷ, ಎಲ್ಲ ಅನಾಹುತಕ್ಕೂ ಒಂದೇ ಥರ ಇರುವುದಿಲ್ಲ. ಒಂದೇ ಮನೆಗೆ ಬೆಂಕಿ ಬಿದ್ದರೆ ಯಾವ ಪ್ಯಾಕೇಜೂ ಘೋಷಣೆ ಆಗುವುದಿಲ್ಲ ಅಲ್ವಾ?

ಹಾನಿ ಆದ ದಿನ ಏನು ಮಾಡಬೇಕು ಅನ್ನುವುದನ್ನು ಚುಟುಕಾಗಿ ಹೇಳುತ್ತೇನೆ. ಮೊದಲು ಜನ, ದನ ಸುರಕ್ಷಿತ ಜಾಗಕ್ಕೆ. ಆಮೇಲೆ ಫೋಟೊ, ವಿಡಿಯೊ. ನೀರು ಎಲ್ಲಿಯವರೆಗೆ ಬಂದಿತ್ತು ಅನ್ನುವ ಗೋಡೆಯ ಗುರುತು ಕಾಣಬೇಕು. ಅದೇ ದಿನ ಕಂಪನಿಗೆ ತಿಳಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಇನ್ನೂ ಹಾಳಾಗದಂತೆ ಟಾರ್ಪಾಲು ಹೊದೆಸುವುದು, ನೀರು ಹೊರಹಾಕುವುದು ನಿಮ್ಮ ಕರ್ತವ್ಯ, ಅದಕ್ಕೆ ಯಾರ ಅನುಮತಿಗೂ ಕಾಯಬೇಡಿ. ಆದರೆ ಹಾಳಾದ ಸಾಮಾನನ್ನು ಸರ್ವೇಯರ್ ನೋಡುವ ಮೊದಲು ಎಸೆಯಬೇಡಿ, ಗುಜರಿಗೆ ಕೊಡಬೇಡಿ. ಗ್ರಾಮ ಆಡಳಿತಾಧಿಕಾರಿಯಿಂದ ಮಹಜರು ಮಾಡಿಸಿ. ಬೆಂಕಿ ಆದರೆ ಅಗ್ನಿಶಾಮಕ ದಳದ ವರದಿ, ಕಳ್ಳತನವಾದರೆ ಎಫ್‌ಐಆರ್. ಮಳೆಯ ಪ್ರಮಾಣದ ಬಗ್ಗೆ ತಕರಾರು ಬಂದರೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪನದ ಅಂಕಿ ಕೇಳಿ ಪಡೆಯಬಹುದು. ಅದು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇದೆ. ಇಂಥ ಕಾಗದ ಕ್ಲೇಮಿಗೆ ದೊಡ್ಡ ಬಲ.

ಪ್ರಶ್ನೆಗಳಿಗೆ ಸಮಯ ಉಳಿಸಬೇಕು. ಕೇಳಿ.

'ನಾವು ಬಾಡಿಗೆ ಮನೆಯಲ್ಲಿ ಇದ್ದೇವೆ. ನಮಗೆ ಏನಾದರೂ ಇದೆಯಾ ಸರ್?' ಅಂತ ಒಬ್ಬರು ಶಿಕ್ಷಕಿ ಕೇಳಿದರು.

ಇದೆ ಅಮ್ಮ. ಕಟ್ಟಡ ಮಾಲೀಕರ ಜವಾಬ್ದಾರಿ. ಸಾಮಾನಿಗೆ ಮಾತ್ರ ನೀವು ಗೃಹ ರಕ್ಷಾ ತೆಗೆದುಕೊಳ್ಳಬಹುದು. ಮಾಲೀಕರ ಪಾಲಿಸಿ ಇದ್ದರೆ ನಿಮ್ಮ ಬೀರು, ಪುಸ್ತಕಕ್ಕೂ ಬರುತ್ತದೆ ಅಂದುಕೊಳ್ಳಬೇಡಿ. ಸಾಮಾನಿಗೆ ಮಾತ್ರ ಆದಾಗ ಆ ಶೇಕಡಾ 20ರ ಲೆಕ್ಕ ಅನ್ವಯಿಸುವುದಿಲ್ಲ, ಎಷ್ಟು ಮೊತ್ತಕ್ಕೆ ಅಂತ ನೀವೇ ಹೇಳಬೇಕು.

'ಮಗಳ ಅಪಾರ್ಟ್‌ಮೆಂಟಿನಲ್ಲಿ ಅಸೋಸಿಯೇಷನ್‌ನವರು ವಿಮೆ ಮಾಡಿಸಿದ್ದಾರಂತೆ. ಅವಳು ಬೇರೆ ಮಾಡಿಸಬೇಕಾ?'

ಆ ಪಾಲಿಸಿಯ ಪ್ರತಿಯನ್ನು ಕೇಳಿ ಪಡೆಯಲಿ. ಕೆಲವು ಕಡೆ ಇಡೀ ಕಟ್ಟಡಕ್ಕೆ ಇರುತ್ತದೆ. ಕೆಲವು ಕಡೆ ಲಿಫ್ಟು, ಜನರೇಟರು, ಕ್ಲಬ್‌ಹೌಸಿನಂಥ ಸಾಮೂಹಿಕ ಭಾಗಕ್ಕೆ ಮಾತ್ರ. ಇಡೀ ಕಟ್ಟಡಕ್ಕೆ ಇದ್ದರೂ ಅವಳು ಮಾಡಿಸಿಕೊಂಡ ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್, ಒಳಗಿನ ಸಾಮಾನು ಸೇರಿರುವುದಿಲ್ಲ ಅಂತಲೇ ಲೆಕ್ಕ ಹಾಕಿ, ಅದಕ್ಕೆ ಬೇರೆ ತೆಗೆದುಕೊಳ್ಳಲಿ. ಒಂದೇ ವಸ್ತುವಿಗೆ ಎರಡು ಪಾಲಿಸಿ ಇದ್ದರೆ ಎರಡು ಸಲ ಹಣ ಬರುವುದಿಲ್ಲ.

'ಜಾಗದ ಕಾಗದದಲ್ಲಿ ತಕರಾರು ಬಂದರೆ ಈ ವಿಮೆಯಲ್ಲಿ ಸಿಗುತ್ತದಾ?'

ಇಲ್ಲ. ದಾಯಾದಿಗಳು ಕೇಸು ಹಾಕಿದರೆ, ಒತ್ತುವರಿ ಅಂತ ಒಡೆದರೆ, ಇದರಲ್ಲಿ ಏನೂ ಬರುವುದಿಲ್ಲ. ಕೊಳ್ಳುವ ಮೊದಲು ವಕೀಲರ ಹತ್ತಿರ ಕಾಗದ ತೋರಿಸುವುದೇ ದಾರಿ.

ಕೊನೆಯದಾಗಿ ಹಿರಿಯರೊಬ್ಬರು ಎದ್ದು, 'ಎಲ್ಲ ಸರಿ ಇದ್ದೂ ಕ್ಲೇಮ್ ತಿರಸ್ಕರಿಸಿದರೆ ನಮ್ಮಂಥವರು ಎಲ್ಲಿಗೆ ಹೋಗಬೇಕು?' ಅಂದರು.

ಮೊದಲು ಕಾರಣವನ್ನು ಬರಹದಲ್ಲಿ ಕೇಳಿ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ಇಲ್ಲ ಅಂತ ಅವರು ಬರೆದು ತಿಳಿಸಬೇಕು. ಸರ್ವೇ ವರದಿಯ ಪ್ರತಿಯನ್ನೂ ಕೇಳಿ. ಸರ್ವೇಯರ್‌ಗಳಿಗೆ ಲೈಸೆನ್ಸ್ ಕೊಡುವುದು ಐಆರ್‌ಡಿಎಐ, ಅವರು ಕಂಪನಿಯ ನೌಕರರಲ್ಲ. ವರದಿಯಲ್ಲಿ ಅಳತೆ ತಪ್ಪಿದ್ದರೆ, ಒಂದು ಕೋಣೆ ಬಿಟ್ಟುಹೋಗಿದ್ದರೆ, ಫೋಟೊ ಸಮೇತ ಬರೆದು ಕಳಿಸಿ. ಆಮೇಲೆ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 155255ಕ್ಕೆ ಫೋನ್ ಮಾಡಿ ಅಥವಾ 'ಬಿಮಾ ಭರೋಸಾ' ಪೋರ್ಟಲಿನಲ್ಲಿ ಐಆರ್‌ಡಿಎಐಗೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ, ವಿಮೆಯ ದೂರುಗಳನ್ನು ಕೇಳಿ ತೀರ್ಮಾನ ಕೊಡುವ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಿ. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನಲ್ಲಿದೆ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ದೂರು ಕೊಡಬೇಕು, ಆ ಗಡುವು ಮಾತ್ರ ದಾಟಬೇಡಿ. ಶುಲ್ಕ ಇಲ್ಲ. ವಕೀಲರನ್ನು ಇಟ್ಟುಕೊಳ್ಳುವ ಅಗತ್ಯವೂ ಇಲ್ಲ, ನಿಮ್ಮ ಮಾತನ್ನು ನೀವೇ ಹೇಳಬಹುದು. ಓಂಬುಡ್ಸ್‌ಮನ್ ಆದೇಶ ಕೊಟ್ಟರೆ ಕಂಪನಿ ಅದನ್ನು ಪಾಲಿಸಲೇಬೇಕು. ನಿಮಗೆ ಒಪ್ಪಿಗೆ ಆಗದಿದ್ದರೆ ಗ್ರಾಹಕ ನ್ಯಾಯಾಲಯದ ಬಾಗಿಲು ಆಮೇಲೂ ತೆರೆದೇ ಇರುತ್ತದೆ. ಪಾಲಿಸಿ, ತಿರಸ್ಕಾರದ ಪತ್ರ, ಸರ್ವೇ ವರದಿ, ಮಹಜರು, ಫೋಟೊ, ಇವಿಷ್ಟನ್ನೂ ಒಂದು ಫೈಲಿಗೆ ಹಾಕಿ ತನ್ನಿ. ಇವತ್ತು ಊಟದ ನಂತರ ನಾನು ಇಲ್ಲೇ ಇರುತ್ತೇನೆ. ಯಾರ ಹತ್ತಿರ ಅಂಥ ಪತ್ರ ಇದೆಯೋ ಅವರು ಬನ್ನಿ, ಕೂತು ಓದೋಣ.